ಒಂದು ಎಡಗಾಲಿಗೆ ಬದಲಾಗಿ

ಫುಟ್‌ಬಾಲ್ ಆಟಗಾರರ ಬಗ್ಗೆ ನನಗಿರುವಷ್ಟು ಖಚಿತವಾದ ಅಭಿಪ್ರಾಯಗಳು ಫುಟ್‌ಬಾಲ್ ಆಡುವವರಿಗೂ ಇರುವುದಿಲ್ಲ. ಇದು ಜಂಬದ ಮಾತಲ್ಲ. ಆಡುವವರಿಗೆ ಚೆಂಡಿನ ಹಿಂದೆ ಓಡುವ ಕೆಲಸವಿರುತ್ತದೆ, ಯೋಚಿಸಲು ಪುರುಸೊತ್ತೆಲ್ಲಿ? ನಾನು ಜೀವಮಾನದಲ್ಲಿ ಚೆಂಡನ್ನು ಒದ್ದದ್ದೇ ಅಪರೂಪ. ಒದ್ದಾಗಲೂ ಅದು ನಾನು ಹೇಳಿದ ಕಡೆ ಹೋದದ್ದಿಲ್ಲ. ಹೀಗಾಗಿ ಬೇರೆಯವರ ಒದೆತದಲ್ಲಿ ಏನು ಕೊರತೆಯಿದೆ ಎಂಬುದನ್ನು ಬದಿಯಲ್ಲಿ ಕೂತು ನಿಧಾನವಾಗಿ ನೋಡುವ ಅವಕಾಶ ನನಗೆ ಧಾರಾಳವಾಗಿ ಸಿಕ್ಕಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಾವು ಮಸ್ಕತ್ತಿನ ವಾದಿ ಅದಾಯ್‌ನಲ್ಲಿದ್ದೆವು. ಮೈಸೂರಿನಿಂದ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ ಹೋದವನು ನಾನು. ನಮ್ಮ ಬೀದಿಯಲ್ಲಿ ಕೆಳಗೆ ಗ್ಯಾರೇಜು, ಶೋರೂಮುಗಳು; ಮೇಲಿನ ಮನೆಗಳ ತುಂಬ ಉಡುಪಿ, ಮಂಗಳೂರು ಕಡೆಯವರು. ಶುಕ್ರವಾರ ಸಂಜೆ ಬಿಸಿಲಿನ ಸಿಟ್ಟು ಇಳಿಯುತ್ತಲೇ ಅವರೆಲ್ಲ ಕಟ್ಟಡಗಳ ಹಿಂದಿನ ಕಲ್ಲು ಬಯಲಿಗೆ ಹೊರಡುತ್ತಿದ್ದರು. ಗೋಲಿಗೆ ಆ ಕಡೆ ಈ ಕಡೆ ಎರಡೆರಡು ಎಣ್ಣೆ ಡ್ರಮ್ಮು. ಹುಲ್ಲೆಂಬುದು ಅಲ್ಲಿ ಟೀವಿಯಲ್ಲಿ ಮಾತ್ರ ಕಾಣುವ ವಸ್ತು. ನಾನು ಕ್ರಿಕೆಟ್ಟಿನ ಊರಿನವನು. ಮೊದಲ ಶುಕ್ರವಾರ ಸುಮ್ಮನೆ ನೋಡಿದೆ, ಮರುವಾರ ಒಂದು ಸಲಹೆ ಕೊಟ್ಟೆ, ಆಮೇಲೆ ನನ್ನ ಸಲಹೆಗಳನ್ನು ತಡೆಯಲು ಯಾರಿಂದಲೂ ಆಗಲಿಲ್ಲ.

ನಮ್ಮ ತಂಡದ ನಾಯಕರು ಕಾಪು ಕಡೆಯ ಸದಾನಂದಣ್ಣ. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೆಲಸ. ಅವರನ್ನು ನಾಯಕ ಎಂದು ಯಾರೂ ಕರೆಯುತ್ತಿರಲಿಲ್ಲ, ‘ಕಫೀಲ್’ ಎನ್ನುತ್ತಿದ್ದರು. ಕಫೀಲ್ ಎಂದರೆ ಅಲ್ಲಿ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನ. ಆತ ‘ರಿಲೀಸ್’ ಕೊಡದೆ ಇನ್ನೊಂದು ಕಂಪನಿಯ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಅದೇ ಕಾನೂನು ನಮ್ಮ ಫುಟ್‌ಬಾಲಿಗೂ ಬಂದಿತ್ತು. ಆಟಗಾರನೊಬ್ಬ ತಂಡ ಬದಲಿಸಬೇಕಾದರೆ ಅವನ ಕಫೀಲ್ ರಿಲೀಸ್ ಕೊಡಬೇಕು. ಸುಮ್ಮನೆ ಕೊಡುವುದಿಲ್ಲ, ಬದಲಿಗೆ ಇನ್ನೊಬ್ಬನನ್ನು ಕೇಳುತ್ತಾನೆ. ವಾರವೆಲ್ಲ ಇದ್ದ ಜಾಗದಿಂದ ಅಲುಗಾಡಲಾಗದ ನಾವು ಶುಕ್ರವಾರ ಮಾತ್ರ ಒಬ್ಬರನ್ನೊಬ್ಬರು ಮನಸೋ ಇಚ್ಛೆ ವರ್ಗ ಮಾಡುತ್ತಿದ್ದೆವು. ಆ ಸಡಗರ ಏನೆಂದು ಹೇಳಲಿ!

ಇನ್ನು ಬೆಲೆ ಕಟ್ಟುವ ವಿಷಯ. ವೇಗ, ಗುರಿ, ದಮ್ಮು ಎಂದೆಲ್ಲ ನೋಡುವುದು ಹುಲ್ಲಿನ ಮೇಲೆ ಆಡುವವರ ಪದ್ಧತಿ. ನಮ್ಮಲ್ಲಿ ಮೊದಲು ಕೇಳುತ್ತಿದ್ದದ್ದು, ಶುಕ್ರವಾರ ಡ್ಯೂಟಿ ಇದೆಯೇ? ಆಮೇಲೆ, ಊರಿಗೆ ರಜೆ ಯಾವಾಗ? ಗೋಲಿನ ಮೇಲೆ ಗೋಲು ಹೊಡೆಯುವವನು ಮುಖ್ಯ ಪಂದ್ಯ ಹತ್ತಿರ ಬಂದಾಗ ತಂಗಿಯ ಮದುವೆಗೆಂದು ವಿಮಾನ ಹತ್ತಿದರೆ ಏನು ಪ್ರಯೋಜನ? ಎಲ್ಲಕ್ಕಿಂತ ದೊಡ್ಡದು, ತಂಡವನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಲು ಡ್ರೈವಿಂಗ್ ಲೈಸೆನ್ಸ್ ಇದೆಯೇ ಎಂಬ ಪ್ರಶ್ನೆ. ಒಮಾನಿನಲ್ಲಿ ಲೈಸೆನ್ಸ್ ಪಡೆಯುವುದೆಂದರೆ ಹುಡುಗಾಟವಲ್ಲ. ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಮ್ಮುಖವಾಗಿ ಒಯ್ದು ನಿಲ್ಲಿಸುವ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ಇಂಜಿನಿಯರುಗಳು ಕಣ್ಣೀರು ಹಾಕಿದ್ದಾರೆ. ಹೀಗಾಗಿ ಆಟ ಸಾಧಾರಣವಾದರೂ ಲೈಸೆನ್ಸ್ ಇರುವವನು ನಮ್ಮ ಕಣ್ಣಿಗೆ ರತ್ನವಾಗಿ ಕಾಣುತ್ತಿದ್ದ.

ಕರಾವಳಿಯವರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿಯಿತೆಂದರೆ ಅವರ ಊರಿನ ಹೋಟೆಲುಗಳಲ್ಲಿ ಇದೇ ಮಾತಂತೆ: ಆ ಭಾಗವತರು ಬರುವ ವರ್ಷ ಯಾವ ಮೇಳಕ್ಕೆ? ಈ ಸ್ತ್ರೀವೇಷದವರು ಅಲ್ಲಿಗೆ ಹೋದರೆ ಇಲ್ಲಿ ದಮಯಂತಿ ಯಾರು? ಭಾಗವತರಿಗೇ ಇನ್ನೂ ತಿಳಿಯದ ಸುದ್ದಿ ಚಹಾ ಕುಡಿಯುವವರಿಗೆ ಗೊತ್ತಿರುತ್ತದೆ. ನಮ್ಮ ಮೈಸೂರು ಕಡೆ ಇದನ್ನು ಎತ್ತುಗಳ ಮೇಲೆ ಮಾಡುತ್ತೇವೆ. ನನ್ನ ಸೋದರಮಾವ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಬಾಲದ ಬುಡವನ್ನು ಕಣ್ಣು ಮುಚ್ಚಿ ಸವರಿ ಅದರ ಭವಿಷ್ಯ ಹೇಳುತ್ತಿದ್ದರು. ಅವರೇ ಆರಿಸಿ ತಂದ ಎತ್ತು ಗದ್ದೆಯ ನಡುವೆ ಮಲಗಿಬಿಡುತ್ತಿತ್ತು. ಮಾವ ಅದರಿಂದ ಎಳ್ಳಷ್ಟೂ ಕುಗ್ಗಲಿಲ್ಲ. ಮುಂದಿನ ಎತ್ತಿನ ಬಾಲಕ್ಕೆ ಅಷ್ಟೇ ಭಕ್ತಿಯಿಂದ ಕೈ ಹಾಕುತ್ತಿದ್ದರು.

ಆ ಮಾವನ ರಕ್ತ ನನ್ನಲ್ಲೂ ಹರಿಯುತ್ತಿದೆ. ಲೈಸೆನ್ಸ್ ಸಿಕ್ಕ ಹುರುಪಿನಲ್ಲಿ (ಎಷ್ಟನೆಯ ಪ್ರಯತ್ನಕ್ಕೆ ಎಂದು ಕೇಳಬೇಡಿ) ಸಣ್ಣ ಕಾರು ಕೊಳ್ಳಲು ಹೋದವನು, ಗುಜರಿಗೆ ಹೊರಟು ನಿಂತಿದ್ದ ದೊಡ್ಡ ವ್ಯಾನೊಂದನ್ನು ಮನೆಗೆ ತಂದೆ. ಇಂಜಿನ್ನಿನ ಸದ್ದು ಕೇಳಿದೊಡನೆ ಅದರ ಯೋಗ್ಯತೆ ನನಗೆ ತಿಳಿದುಹೋಗಿತ್ತು. ನನ್ನ ಹೆಂಡತಿ ನಳಿನಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, “ಅಲ್ಲಾ ರೀ, ನಾವಿರೋದು ಮೂರೇ ಜನ. ಮಿಕ್ಕವರು ಯಾವಾಗ ಬರ್ತಾರೆ?” ಎಂದಳು.

ಅವರು ಬರುವುದರಲ್ಲಿದ್ದರು.

ಮೊಯ್ದೀನನನ್ನು ಕಂಡುಹಿಡಿದವನು ನಾನು! ಈ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ನನಗೆ ಈಗಲೂ ಆಸೆ. ರುಸೈಲ್‌ನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರದೊಂದು ತಂಡ ನಮ್ಮೊಂದಿಗೆ ಆಡಲು ಬರುತ್ತಿತ್ತು. ರುಸೈಲ್ ದೂರ. ಕಾರ್ಖಾನೆಯ ಬಸ್ಸೊಂದು ಅವರನ್ನು ಪೇಟೆಗೆ ತಂದು ಬಿಟ್ಟು, ಸಂಜೆ ತನಗೆ ಬೇಕಾದ ಹೊತ್ತಿಗೆ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಹಾರ್ನ್ ಕೇಳಿತೋ, ಪೆನಾಲ್ಟಿ ಹೊಡೆಯಲು ಕಾಲೆತ್ತಿದ್ದವನೂ ಸೇರಿ ಇಡೀ ತಂಡ ಚಪ್ಪಲಿ ಕೈಯಲ್ಲಿ ಹಿಡಿದು ಓಟ! ಆ ತಂಡದಲ್ಲಿದ್ದ ಉಳ್ಳಾಲದ ಮೊಯ್ದೀನ್. ತಡವಾಗಿ ಬರುವವನು, ಬಾಯಿ ಮುಚ್ಚದವನು, ಹಿಂದೆ ಹೋಗಿ ಗೋಲು ಕಾಯಿ ಎಂದರೆ ಸೊಂಟ ನೋವು ಎನ್ನುವವನು. ಆದರೆ ಆ ಎಡಗಾಲು! ಚೆಂಡು ಅದಕ್ಕೆ ತಾಗಿದರೆ ಸಾಕು, ಸಾಕಿದ ಕರುವಿನ ಹಾಗೆ ಹಿಂದೆ ಹಿಂದೆಯೇ ಬರುತ್ತಿತ್ತು. ಒಂದು ಶುಕ್ರವಾರ ಹಿಂದೆ ನಿಂತು ತಡೆಯುವ ನಮ್ಮ ಬ್ಯಾಕುಗಳನ್ನೆಲ್ಲ ಒಬ್ಬೊಬ್ಬರಾಗಿ ನೆಲಕ್ಕೆ ಕೂರಿಸಿ ಅವನು ಮುಂದೆ ಹೋದದ್ದನ್ನು ಕಂಡು ನನ್ನ ಮೈ ಜುಮ್ಮೆಂದಿತು.

“ಸದಾನಂದಣ್ಣ, ಇವನನ್ನ ತರಲೇಬೇಕು!” ಎಂದು ಅಲ್ಲೇ ಕೂಗಿದೆ.

“ಎಂತ ತರುವುದು ಮೂರ್ತಿಯವರೇ? ಲೈಸೆನ್ಸ್ ಇಲ್ಲ, ಶಿಸ್ತು ಇಲ್ಲ. ಅವನ ಬಾಯಿ ನೋಡಿದ್ರಾ? ಚೆಂಡಿಗಿಂತ ಜೋರು ಓಡ್ತದೆ.”

ನಾನು ಬಿಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದೆ, ಅಂಗಡಿಯ ಕೌಂಟರಿಗೆ ಹೋಗಿ ಗಿರಾಕಿಗಳ ನಡುವೆ ನಿಂತು ಹೇಳಿದೆ. ಆ ಎಡಗಾಲು ಸಾಮಾನ್ಯವಲ್ಲ ಎಂಬುದು ನನ್ನ ಮಾನದ ಪ್ರಶ್ನೆಯಾಗಿಬಿಟ್ಟಿತು. ಜೀವನದಲ್ಲಿ ಒಮ್ಮೆಯಾದರೂ, ಒಂದು ವಿಷಯದಲ್ಲಾದರೂ, ನಾನು ಹೇಳಿದ್ದೇ ಸರಿ ಎಂದು ಎಲ್ಲರೂ ಒಪ್ಪಬೇಕಿತ್ತು. ಕೊನೆಗೆ ಸದಾನಂದಣ್ಣ, “ನಿಮ್ಮ ಉಪದ್ರ ತಡೆಯಲಿಕ್ಕೆ ಆಗುವುದಿಲ್ಲ ಮಾರಾಯ್ರೆ, ಕೇಳಿ ನೋಡುವ” ಎಂದರು.

ರುಸೈಲ್ ತಂಡದ ಕಫೀಲ್ ಕುಂದಾಪುರದ ಗಂಗಾಧರ, ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಚಹಾದಂಗಡಿಯಲ್ಲಿ ಮಾತುಕತೆಯಾಯಿತು. ನಾವು ನಮ್ಮ ಗೋಲ್‌ಕೀಪರನ್ನು ಕೊಡುತ್ತೇವೆಂದೆವು, ಗಂಗಾಧರ ತಲೆಯಲ್ಲಾಡಿಸಿದ. ಇಬ್ಬರು ಬ್ಯಾಕುಗಳನ್ನು ಕೊಡುತ್ತೇವೆಂದೆವು, ಅದಕ್ಕೂ ಇಲ್ಲ. ಚಹಾ ಮುಗಿಸಿ, ಗ್ಲಾಸು ಕೆಳಗಿಟ್ಟು, ನನ್ನ ಕಡೆ ಬೆರಳು ತೋರಿಸಿದ.

“ನಮಗೆ ಇವರನ್ನು ಕೊಡಿ.”

“ಇವರು ಆಡುವುದಿಲ್ಲ ಮಾರಾಯಾ.”

“ಗೊತ್ತುಂಟು. ವ್ಯಾನ್ ಉಂಟಲ್ಲ? ನಮಗೆ ಆ ಬಸ್ಸಿನ ಹಾರ್ನ್ ಸಾಕಾಗಿದೆ.”

“ಖಲಾಸ್! ರಿಲೀಸ್ ಕೊಟ್ಟೆ” ಎಂದರು ಸದಾನಂದಣ್ಣ. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತಾದರೂ ಅವರು ಅನುಮಾನಿಸಬಹುದಿತ್ತು.

ನಾನು ಮಾತ್ರ ಮೆಟ್ಟಿಲುಗಳನ್ನು ಹಾರುತ್ತ ಮನೆ ಸೇರಿದೆ. “ನಳಿನೀ, ನನ್ನನ್ನ ಟ್ರಾನ್ಸ್‌ಫರ್ ಮಾಡಿದ್ರು! ಮೊಯ್ದೀನನ ಎಡಗಾಲಿಗೆ ಸರಿಸಮ ಅಂತ ತೀರ್ಮಾನ ಆಯ್ತು!”

“ಸರಿಸಮ ಆಗಿದ್ದು ವ್ಯಾನು. ನೀವು ಅದರ ಜೊತೆ ಬರೋ ಸ್ಟೆಪ್ನಿ” ಎಂದಳು ನಳಿನಿ. ಪುಸ್ತಕದಿಂದ ತಲೆಯೆತ್ತಿದ ಮಗಳು, “ಅಪ್ಪಾ, ಯು ಡೋಂಟ್ ಈವನ್ ಪ್ಲೇ!” ಎಂದಳು.

ಎರಡೂ ನಿಜ. ಆದರೂ ನನ್ನ ಸಂತೋಷಕ್ಕೆ ಕಾರಣವಿತ್ತು. ಶಾಲೆಯಲ್ಲಿ ಆಟಕ್ಕೆ ಎರಡು ಪಂಗಡ ಮಾಡುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿ ಕರೆದುಕೊಳ್ಳುತ್ತಾರಲ್ಲ, ಕಡೆಯಲ್ಲಿ ಉಳಿಯುತ್ತಿದ್ದವನು ನಾನು. ಉಳಿದ ಮೇಲೂ, “ಇವನು ನಿನಗೇ ಇರಲಿ”, “ಬೇಡ, ನೀನೇ ಇಟ್ಕೊ” ಎಂದು ಅವರಿಬ್ಬರೂ ಔದಾರ್ಯ ತೋರಿಸುತ್ತಿದ್ದರು. ಅಂಥವನನ್ನು ಒಬ್ಬ ಕಫೀಲ್ ಬೆರಳು ತೋರಿಸಿ ಕೇಳಿದ್ದ. ಸ್ಟೆಪ್ನಿಯಾದರೇನು, ಕೇಳಿದ್ದನೋ ಇಲ್ಲವೋ?

ಹೀಗೆ ನಾನು ರುಸೈಲ್ ತಂಡದವನಾದೆ. ಆಟ ಮುಗಿದ ಮೇಲೆ ಎಲ್ಲರನ್ನೂ ತುಂಬಿಕೊಂಡು ರುಸೈಲಿಗೆ ಬಿಟ್ಟು ಬರುವುದು ನನ್ನ ಪಾಲಿನ ಆಟ. ತಮಾಷೆಯೆಂದರೆ ಮೊಯ್ದೀನನೂ ಅದೇ ವ್ಯಾನಿನಲ್ಲಿ ಹಿಂತಿರುಗಬೇಕು. ಅವನು ಆಡುವುದು ವಾದಿ ಅದಾಯ್‌ಗೆ, ಮಲಗುವುದು ರುಸೈಲಿನಲ್ಲಿ. ದಾರಿಯುದ್ದಕ್ಕೂ ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂಬ ಚರ್ಚೆ. ನಾನು ಒಂದು ಹೆಸರು ಹೇಳಿದರೆ ಇಡೀ ವ್ಯಾನು ನನ್ನ ಮೇಲೆ ಬೀಳುತ್ತಿತ್ತು. ನಾನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ವಾದಿಸಲು ಹೊರಟರೆ “ಅಲ್ಲಾ, ರಸ್ತೆ ನೋಡಿ ಸಾರ್!” ಎಂದು ಕಿರುಚುತ್ತಿದ್ದರು. ನನ್ನ ಒಂದು ಅಭಿಪ್ರಾಯವನ್ನೂ ಅವರು ಒಪ್ಪಿದ್ದು ನೆನಪಿಲ್ಲ. ಅಷ್ಟು ಸುಖವಾದ ಪ್ರಯಾಣಗಳನ್ನು ನಾನು ಮತ್ತೆ ಮಾಡಿಲ್ಲ.

ಬೇಸಿಗೆ ಬಲಿಯುವ ಮುಂಚೆ ಆ ವರ್ಷದ ಕೊನೆಯ ಪಂದ್ಯ ಬಂತು: ವಾದಿ ಅದಾಯ್ ಮತ್ತು ರುಸೈಲ್. ಗಂಗಾಧರ ನನ್ನನ್ನು ಬದಿಗೆ ಕರೆದ. “ಮೂರ್ತಿ ಸಾರ್, ಮೊಯ್ದೀನನಿಗೆ ಬೆಲೆ ಕಟ್ಟಿದವರು ನೀವೇ ಅಲ್ವಾ? ಅವನನ್ನು ತಡೆಯುವುದು ಹೇಗೆ ಅಂತ ನಿಮಗೇ ಗೊತ್ತಿರಬೇಕು.”

ನನಗೆ ಗೊತ್ತಿತ್ತು. ಮೊಯ್ದೀನನ ಬಲಗಾಲು ಬರೀ ನಿಲ್ಲಲಿಕ್ಕೆ ಇದ್ದದ್ದು. ಅವನನ್ನು ಬಲಕ್ಕೆ ತಳ್ಳಿಬಿಟ್ಟರೆ ಮುಗಿಯಿತು. ಈಗ ನನ್ನ ಸಂಕಟ ನೋಡಿ. ಹೇಳಿದರೆ ನಾನು ಇಷ್ಟು ಹೊಗಳಿದ ಆಟಗಾರ ಎಲ್ಲರೆದುರು ಸಪ್ಪೆಯಾಗುತ್ತಾನೆ, ಸದಾನಂದಣ್ಣನಿಗೆ ಮೋಸದ ಮಾಲು ಕೊಡಿಸಿದವನು ನಾನಾಗುತ್ತೇನೆ. ಹೇಳದಿದ್ದರೆ, ನನ್ನನ್ನು ಕೇಳಿ ಪಡೆದ ಏಕೈಕ ತಂಡಕ್ಕೆ ದ್ರೋಹ. ಗಂಗಾಧರ ನನ್ನ ಬಾಯನ್ನೇ ನೋಡುತ್ತಿದ್ದ. ಅಭಿಪ್ರಾಯ ಕೇಳಿ ಹಾಗೆ ಕಾದವರು ಅದುವರೆಗೆ ಯಾರೂ ಇರಲಿಲ್ಲ. ಹೇಳಿಬಿಟ್ಟೆ.

ಆಟ ಶುರುವಾಯಿತು. ರುಸೈಲಿನವರು ಮೊಯ್ದೀನನನ್ನು ಬಲಕ್ಕೆ, ಇನ್ನೂ ಬಲಕ್ಕೆ ತಳ್ಳುತ್ತ ಹೋದರು. ಅವನು ಬಾಗಿಲು ತಪ್ಪಿದ ನೆಂಟನ ಹಾಗೆ ಅಲ್ಲಿ ಇಲ್ಲಿ ಸುತ್ತಿದ. ನಾನು ಗಂಟಲು ಹರಿಯುವಂತೆ “ಬಲಕ್ಕೆ ತಳ್ಳಿ!” ಎಂದು ಕೂಗುತ್ತಿದ್ದೆ. ಆಚೆ ಬದಿಯಿಂದ ಸದಾನಂದಣ್ಣ, ಬಳಸಿದ ಸಾಮಾನು ವಾಪಸು ತಂದ ಗಿರಾಕಿಯನ್ನು ನೋಡುವಂತೆ ನನ್ನನ್ನು ನೋಡಿದರು. ಎರಡೂ ಕಡೆ ಗೋಲಿಲ್ಲ. ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಚೆಂಡು ಮತ್ತೆ ಮೊಯ್ದೀನನಿಗೆ ಬಂತು. ಮತ್ತೆ ಬಲಕ್ಕೆ ತಳ್ಳಿದರು. ಅವನು ಕಲ್ಲಿಗೆ ಎಡವಿ, ಬೀಳುತ್ತ ಬೀಳುತ್ತ, ಬಿಡುವಿದ್ದ ಒಂದೇ ಕಾಲನ್ನು ಬೀಸಿದ. ಅದು ಬಲಗಾಲು. ಚೆಂಡು ಡ್ರಮ್ಮಿಗೆ ಢಣ್ಣೆಂದು ಬಡಿದು ಒಳಗೆ ನುಗ್ಗಿತು!

“ಗೋಲ್! ಮೊಯ್ದೀನ್! ನಾನು ಹೇಳಿರ್ಲಿಲ್ವಾ!” ಎಂದು ಯಾರೋ ಹುಚ್ಚನಂತೆ ಕುಣಿಯುತ್ತಿದ್ದರು. ಸುತ್ತ ಎಲ್ಲರೂ ತೆಪ್ಪಗೆ ನಿಂತು ನನ್ನನ್ನೇ ನೋಡುತ್ತಿದ್ದುದರಿಂದ, ಕುಣಿಯುತ್ತಿರುವವನು ನಾನೇ ಎಂದು ತಿಳಿಯಿತು. ನಾನು ನಿಂತಿದ್ದದ್ದು ಸೋತವರ ಬದಿಯಲ್ಲಿ.

ಎಲ್ಲರೂ ವ್ಯಾನು ಹತ್ತಿದರು. ನನ್ನ ಎಲ್ಲ ಲೆಕ್ಕಾಚಾರವೂ ಒಂದೇ ಸಂಜೆಯಲ್ಲಿ ಬುಡಮೇಲಾಗಿತ್ತು: ಬರೀ ನಿಲ್ಲಲಿಕ್ಕೆ ಎಂದಿದ್ದ ಕಾಲು ಗೋಲು ಹೊಡೆದಿತ್ತು, ಸೋಲಿಸಬೇಕಾದವನಿಗೆ ನಾನು ಜೈಕಾರ ಹಾಕಿದ್ದೆ. ಇವತ್ತಿಗೆ ಈ ತಂಡದ ಋಣ ತೀರಿತು ಎಂದುಕೊಂಡು ರಸ್ತೆಯನ್ನೇ ನೋಡುತ್ತ ಓಡಿಸಿದೆ. ಮೊದಲು ಬಾಯಿ ಬಿಟ್ಟವನು, ಬೇರೆ ಯಾರು, ಮೊಯ್ದೀನ್.

“ನನಗೆ ಬಲಗಾಲು ಉಂಟು ಅಂತ ನನಗೇ ಗೊತ್ತಿರಲಿಲ್ಲ ಮಾರಾಯ್ರೆ. ಮೂರ್ತಿ ಸಾರ್ ಆ ಕಡೆ ತಳ್ಳಿಸಿದ್ದಕ್ಕೆ ಗೊತ್ತಾಯ್ತು.”

ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ ನಕ್ಕ. ಗಂಗಾಧರ ನನ್ನ ಪಕ್ಕದ ಸೀಟಿನಿಂದ ಹಿಂದಕ್ಕೆ ತಿರುಗಿ, “ನಗುವುದೆಲ್ಲ ಮತ್ತೆ. ಬರುವ ವರ್ಷ ಇವನನ್ನು ವಾಪಸು ತರಬೇಕು” ಎಂದ.

“ಸದಾನಂದಣ್ಣ ನನ್ನನ್ನು ಸುಮ್ಮನೆ ಬಿಡ್ತಾರಾ?” ಎಂದ ಮೊಯ್ದೀನ್. “ಬದಲಿಗೆ ಮೂರ್ತಿ ಸಾರನ್ನೇ ಕೇಳ್ತಾರೆ.”

“ಇವನು ನಿನಗೇ ಇರಲಿ” ಎಂಬ ಮಾತಿಗೆ ನಾನು ಕಾದೆ. ಗಂಗಾಧರ ತಲೆಯಲ್ಲಾಡಿಸಿದ.

“ಅದಾಗುವುದಿಲ್ಲ. ಇವರು ಹೋದರೆ ನಾವು ದಾರಿಯುದ್ದಕ್ಕೂ ಜಗಳ ಮಾಡುವುದು ಯಾರೊಟ್ಟಿಗೆ? ಬೇಕಾದರೆ ವ್ಯಾನ್ ಕೊಡುವ. ಇವರನ್ನು ಕೊಡುವುದಿಲ್ಲ.”

“ಹೌದು ಹೌದು, ವ್ಯಾನ್ ಕೊಡುವ!” ಎಂದು ಹಿಂದಿನಿಂದ ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು.

ವ್ಯಾನು ನನ್ನದು ಎಂದು ಅವರಿಗೆ ನೆನಪಿಸಲು ನನಗೆ ಮನಸ್ಸೇ ಬರಲಿಲ್ಲ.