ಮಾಳಿಗೆಯ ಗೋಸಂಪಿಗೆ

ಇದನ್ನು ಹೇಳುವುದನ್ನು ನಾನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಬರೆಯಲು ಕೂತಾಗಲೆಲ್ಲ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಬಿಳಿ ಸೀರೆಯ ನರ್ಸಬಾಯಿಯೊಬ್ಬರು ಒದ್ದೆ ಗೋಣಿತಟ್ಟಿಗೆ ಮುಖ ಒತ್ತಿ, ಕಣ್ಣು ಮುಚ್ಚಿ, ಉಸಿರೆಳೆದುಕೊಳ್ಳುತ್ತ ನಿಂತಿದ್ದಾರೆ. ಹಣೆಯಿಂದ ಇಳಿದ ನೀರು ಗದ್ದದಲ್ಲಿ ತೊಟ್ಟಿಕ್ಕುತ್ತಿದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲೆಲ್ಲಿಂದಲೋ ನೌಕರರು ವರ್ಗವಾಗಿ ಬರುತ್ತಿದ್ದರು, ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ಬೆಟಗೇರಿಯ ನಮ್ಮದು ಮಣ್ಣಿನ ಮಾಳಿಗೆಯ ಹಳೇ ಮನೆ. ಕೆಳಗೆ ನನ್ನ ಸೀರೆ ಮಗ್ಗ, ಮೇಲೆ ಒಂದು ಖೋಲಿ. ಅಂಕೋಲೆ ಕಡೆಯಿಂದ ವರ್ಗವಾಗಿ ಬಂದ ಈ ನರ್ಸಬಾಯಿಗೆ ಆ ಖೋಲಿ ಕೊಟ್ಟೆವು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಟ್ರಂಕು, ಹಾಸಿಗೆ ಬಸ್ಸಿನ ಮೇಲೆ ಬಂದವು. ಗೋಸಂಪಿಗೆಯ ಒಂದು ತುಂಡು ಕೊಂಬೆಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಖೋಲಿಯ ಮುಂದಿನ ತೆರೆದ ಮಾಳಿಗೆಯ ಮೇಲೆ ಅದು ಎಣ್ಣೆ ಡಬ್ಬಿಯಲ್ಲಿ ಚಿಗುರಿತು. ಪಕ್ಕಕ್ಕೆ ಮಲ್ಲಿಗೆ ಬಂತು, ಸುಗಂಧಿ ಬಂತು. ನಮ್ಮ ಒಣಗಾಳಿ ಆ ಗಿಡಗಳಿಗೆ ಆಗದೆಂದು ಪಡುವಣ ಬದಿಗೆ ಗೋಣಿತಟ್ಟು ಕಟ್ಟಿ ತೋಯಿಸಿಡುವರು. ಗಾಳಿ ಅದರೊಳಗಿಂದ ಹಾಯ್ದು, ಹೂವಿನ ವಾಸನೆ ಹೊತ್ತು, ಮೆಟ್ಟಿಲಿಳಿದು ಮಗ್ಗದ ತನಕ ಬರುತ್ತಿತ್ತು. ನಲ್ಲಿಗೆ ನೀರು ಯಾವಾಗ ಬಂದೀತೆಂದು ಕಾಯುವ ಊರಿನಲ್ಲಿ ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು ಎಲ್ಲವೂ ಆ ಡಬ್ಬಿಗಳಿಗೆ.

"ಏನವಾ, ಮಾಳಗಿ ಮ್ಯಾಲ ಸಮುದ್ರಾನ ತಂದಿಡಾಕಿ ಏನು?" ಎಂದು ನನ್ನ ಹೆಂಡತಿ ಕಾಡಿಸುವಳು.

"ಸಮುದ್ರ ನಿಮ್ಮ ಮೆಟ್ಲು ಹತ್ತೂದಿಲ್ಲ ಕಾಕು. ಗಾಳಿ ಅಷ್ಟೇ ತಂದೆ," ಎಂದು ಅವಳ ತುರುಬಿಗೆ ಮಲ್ಲಿಗೆ ಸಿಕ್ಕಿಸುವರು. ಮಗ್ಗದ ಸಪ್ಪಳ ನಿಂತರೆ ಮೇಲಿಂದಲೇ ಕೂಗು: "ಕಾಕಾ, ಚಾ ಕುಡೀತಿದ್ರಾ, ನಿದ್ದೆ ಮಾಡ್ತಿದ್ರಾ?" ಹೆಂಡತಿಗೆ ಜ್ವರ ತಲೆಗೇರಿದಾಗ, ಡ್ಯೂಟಿ ಮುಗಿಸಿ ಬಂದು ಸೀರೆಯನ್ನೂ ಬದಲಿಸದೆ ಅವಳ ತಲೆದೆಸೆಯಲ್ಲಿ ಕೂತವರು ಅವರೇ.

ಒಂದು ಮಳೆಗಾಲ ಮಾಳಿಗೆ ಸೋರಿತು. ಮಗ್ಗಕ್ಕೆ ಹೂಡಿದ್ದ ರೇಷ್ಮೆ ಎಳೆಗಳ ಮೇಲೆ ಮಣ್ಣುನೀರು ಬಿದ್ದು ಕಲೆಯಾಯಿತು. ಮೇಲಿನ ಡಬ್ಬಿಗಳದೇ ನೀರೆಂದು ನಾನು ತೀರ್ಮಾನಿಸಿದೆ. ಗಿಡ ತೆಗೆಯಿರಿ ಎಂದು ಮುಖಕ್ಕೆ ಹೇಳಬಹುದಿತ್ತು. ಹೆಂಡತಿಯನ್ನು ಉಳಿಸಿಕೊಟ್ಟವರ ಮುಂದೆ ಬಾಯಿ ಬರಲಿಲ್ಲ. ಸಿಟ್ಟು ಮಾತ್ರ ಒಳಗೇ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಅವರು ತಿಂಗಳ ರಜೆ ಹಾಕಿ ಊರಿಗೆ ಹೊರಟರು. "ಊರಲ್ಲಿ ಸ್ವಲ್ಪ ಕೆಲ್ಸ ಉಂಟು ಕಾಕಾ. ಡಬ್ಬಿ ಮಣ್ಣು ಕೆಳಗೆ ಕೂತದೆ, ಬೇರು ಕಾಣ್ತದೆ. ಮೇಲಷ್ಟು ಮಣ್ಣು ಹಾಕಿ ನೀರು ಕೊಡಿ, ಆಯ್ತಾ?"

"ಆತ್ರಿ ಬಾಯಾರ, ನೀವು ಹೋಗಿ ಬರ್ರಿ," ಎಂದೆ.

ಅಂಗಳದಲ್ಲಿ ಸವಳು ಮಣ್ಣಿನ ಗುಡ್ಡೆ ಬಿದ್ದಿತ್ತು. ಲಕ್ಷ್ಮೇಶ್ವರದ ದಾರಿಯ ಹಳ್ಳದ ದಂಡೆಯಿಂದ ಚಕ್ಕಡಿಯಲ್ಲಿ ತರಿಸಿದ್ದು. ನಮ್ಮ ಕಡೆ ಮಳೆಗೆ ಮುಂಚೆ ಮಾಳಿಗೆಗೆ ಹೊದಿಸುವ ಉಪ್ಪುಮಣ್ಣು ಅದು. ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ, ಒಂದು ಹುಲ್ಲುಕಡ್ಡಿ ಹುಟ್ಟಗೊಡುವುದಿಲ್ಲ. ನಾನು ಅದನ್ನೇ ಬುಟ್ಟಿಗೆ ತುಂಬಿದೆ.

"ಅಯ್ಯ, ಅದು ಮಾಳಗಿ ಮಣ್ಣ ಅಲ್ಲನ್ರಿ? ಗಿಡ ಸಾಯ್ತಾವು," ಎಂದಳು ಹೆಂಡತಿ.

"ಗೊತ್ತೈತಿ. ನೀ ಸುಮ್ಕಿರು."

ಎಲ್ಲ ಡಬ್ಬಿಗಳ ಹಳೇ ಮಣ್ಣನ್ನು ಅರ್ಧ ಕೆದರಿ ತೆಗೆದು, ಸವಳು ತುಂಬಿ, ತಪ್ಪದೆ ನೀರು ಹಾಕಿದೆ. ಎಲೆಯಂಚು ಸುಟ್ಟಂತಾಯಿತು. ಮಣ್ಣಿನ ಮೇಲೆ ಬಿಳಿ ಪೊರೆ ಎದ್ದಿತು. ಅವರು ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಬಂದವರು ಚೀಲವನ್ನೂ ಇಳಿಸದೆ ಮಾಳಿಗೆ ಹತ್ತಿದರು. ಗೋಸಂಪಿಗೆಯ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿಲ್ಲ. ಇನ್ನೂ ಕೆಳಗೆ ಕೆರೆದರು. ಅಲ್ಲಿಯೂ ಇಲ್ಲ.

"ಇರ್ಲಿ ಬಿಡ್ರಿ ಬಾಯಾರ," ಎಂದು ನಾನು ಹಗುರಾಗಿ ಅಂದೆ. "ಮುಂದಿನ ಸಲ ಊರಿಗೆ ಹೋದಾಗ ಇನ್ನೊಂದು ಕೊಂಬಿ ಕಡಕೊಂಡು ಬರ್ರಿ."

"ಎಲ್ಲಿಂದ ಕಾಕಾ?" ಅವರು ತಿರುಗಿ ನೋಡಲಿಲ್ಲ. "ನಮ್ಮ ಊರನ್ನೇ ಯಾವುದೋ ಕಾಮಗಾರಿಗೆ ತಗೊಂಡ್ರು. ಮನೆ ಕೆಡವಿದ್ರು. ಆಯಿ ನೆಟ್ಟ ಮರ ಬುಡಸಮೇತ ಕಿತ್ರು, ನನ್ನೆದುರಿಗೇ. ನಾನು ಅಳಲಿಲ್ಲ. ಒಂದು ಗದಗದಲ್ಲಿ ಉಂಟಲ್ಲ, ಕಾಕಾ ನೀರು ಹಾಕ್ತಾರಲ್ಲ, ಅಂದ್ಕೊಂಡು ಬಸ್ಸು ಹತ್ತಿದೆ."

ಈಗ ಹೇಳುತ್ತೇನೆ, ಇದೀಗ ಹೇಳುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಅವರು ಕಣ್ಣೊರೆಸಿಕೊಂಡು, "ನೀವು ಎಂತ ಮಾಡ್ತೀರಿ ಪಾಪ. ಬಿಸಿಲಲ್ಲಿ ಬಿಟ್ಟು ಹೋದದ್ದು ನಾನು," ಎಂದರು. ಚೀಲದಿಂದ ಒಣಗಿದ ಮುರುಗಲ ಹಣ್ಣಿನ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಇಸಿದುಕೊಂಡೆ.

ಆ ವರ್ಷದ ಮಳೆಗೂ ಮಾಳಿಗೆ ಅದೇ ಜಾಗದಲ್ಲಿ ಸೋರಿತು. ನೀರು ಇಳಿದದ್ದು ಬೆಳಕಿಂಡಿಯ ಬಿರುಕಿನಿಂದ. ಆ ಮೂಲೆಯಲ್ಲಿ ಒಂದು ಡಬ್ಬಿಯೂ ಯಾವತ್ತೂ ಇರಲಿಲ್ಲ.

ಅವರಿಗೆ ಶಿರಹಟ್ಟಿಗೆ ವರ್ಗವಾಯಿತು. ದೂರದ ಊರೇನಲ್ಲ. ಹೇಳಿಬಿಡಬೇಕೆಂದೇ ಒಂದು ದಿನ ಅಲ್ಲಿನ ದವಾಖಾನೆಗೆ ಹೋದೆ. ನನ್ನನ್ನು ಕಂಡದ್ದೇ, "ಕಾಕಾ! ಕಾಕು ಆರಾಮಿದಾರಾ?" ಎಂದು ಸ್ಟೂಲು ಎಳೆದು ಕೂರಿಸಿದರು. ಮೊಣಕಾಲು ನೋವೆಂದು ಸುಳ್ಳು ಹೇಳಿದೆ. ಅವರು ಮಾತ್ರೆ ಕಟ್ಟಿಕೊಡುತ್ತಿದ್ದಾಗ ಕೇಳಿದೆ: "ಇಲ್ಲಿ ಗಿಡಾ ಹಚ್ಚೀರೇನ್ರಿ?"

"ಇಲ್ಲ ಕಾಕಾ. ಯಾರೋ ಮಲ್ಲಿಗೆ ಬಳ್ಳಿ ಕೊಡೂಕೆ ಬಂದಿದ್ರು, ಬೇಡ ಅಂದೆ. ನನ್ನ ಕೈಗೆ ಗಿಡ ಬದುಕೂದಿಲ್ಲ."

ನಗುತ್ತಲೇ ಹೇಳಿದರು. ನಾನು ಮಾತ್ರೆ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಖಬರು ಬಂತು, ಮಣ್ಣಾದ ಮೇಲೆ.

ಅವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಅವರಿಗೆ ಹೇಳಬೇಕಾದವನು ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ. ನನ್ನದು ತಪ್ಪಾಯಿತೆಂಬ ಮಾತು ಸಲ್ಲಬೇಕಾಗಿದ್ದದ್ದು, ಸಲ್ಲದೇ ಹೋದದ್ದು, ನಮ್ಮ ಮಾಳಿಗೆಯ ನರ್ಸಬಾಯಿಗೆ.