ಮೂಲದಲ್ಲಿ ಇದ್ದಂತೆ

ನನ್ನ ಸೋದರಮಾವನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುವುದು ಕಾಮಾ ಮಾವ ಎಂದು. ಮೂವತ್ತೊಂದು ವರ್ಷದಿಂದ ಕರಡು ತಿದ್ದುವ ಕೆಲಸ. ಏನು ಓದಿದರೂ ಕಾಮಾ, ಫುಲ್‌ಸ್ಟಾಪ್‌ಗಳನ್ನೂ ಬಾಯಿಬಿಟ್ಟು ಓದುವ ಚಟ. ಬೈಂಡಿಂಗ್ ಮೇಜಿನಲ್ಲಿರುವ ನನಗೂ ಅವನದು ಒಂದೇ ಪಾಠ: "ಮೂಲದಲ್ಲಿ ಇರೋದು ಅಚ್ಚಲ್ಲಿ ಬಂದಿದ್ಯಾ, ಅಷ್ಟು ನೋಡು. ಮೂಲ ನಿಜಾನಾ ಅಂತ ಕೇಳೋದು ನಮ್ಮ ಕೆಲಸ ಅಲ್ಲ."

ಆ ಪಾಠಕ್ಕಿಷ್ಟು ಬೆಂಕಿ ಹಾಕ.

ಹೋದ ವರ್ಷ ಅತ್ತೆಯ ಎರಡೂ ಕಣ್ಣು ಮಂಜಾದವು. ಉಳಿತಾಯದ ದುಡ್ಡು ಒಂದು ಕಣ್ಣಿನ ಆಪರೇಷನ್ನಿಗೆ ಸಾಕಾಗುತ್ತಿತ್ತು. ಮಾವನಿಗೆ ಎರಡೂ ಕಣ್ಣು ಬೇಕಿತ್ತು. ಷೇರು ಕೊಳ್ಳುತ್ತೇನೆಂದು ಹೊರಟ. ನಮ್ಮಲ್ಲೇ ಅಚ್ಚಾಗುವ ಒಂದು ಪಂಪ್ ಕಂಪನಿಯ ಮೂರು ವರ್ಷದ ವಾರ್ಷಿಕ ವರದಿಗಳನ್ನು ಮನೆಗೆ ತಂದು, ಅಡಿಟಿಪ್ಪಣಿಯನ್ನೂ ಬಿಡದೆ ಓದಿದ. ಮೊತ್ತ ಕೂಡಿ ನೋಡಿದ. ಒಂದು ಅಕ್ಷರ ಹೆಚ್ಚುಕಮ್ಮಿ ಇರಲಿಲ್ಲ.

"ಇಷ್ಟು ಶುದ್ಧವಾಗಿ ಬರೆಯೋರು ಮೋಸ ಮಾಡ್ತಾರೇನೇ?"

"ಬೆಳ್ಳಗಿರೋದೆಲ್ಲಾ ಹಾಲಲ್ಲ ಮಾವ. ಒಂದೇ ಬಸ್ಸು, ಫ್ಯಾಕ್ಟರಿ ನೋಡ್ಕೊಂಡು ಬಾ."

"ಫೋಟೋ ಇದ್ಯಲ್ಲ, ಒಂಬತ್ತನೇ ಪುಟದಲ್ಲಿ."

ಸಿಟ್ಟು ಬಂದು ಎದ್ದು ಹೋದೆ. ಯಾಕೆ ಎದ್ದು ಹೋದೆನೋ; ಮಾವ ಇದ್ದ ದುಡ್ಡನ್ನೆಲ್ಲ ಆ ಕಂಪನಿಯ ಷೇರಿಗೆ ಹಾಕಿಬಿಟ್ಟ.

ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಇರುವ ನೋಟವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ ವಾರವೇ ಪತ್ರಿಕೆಯಲ್ಲಿ ಬಂತು: ಆ ಕಂಪನಿಯ ಷೇರು ವಹಿವಾಟು ನಿಲ್ಲಿಸಲಾಗಿದೆ. ಮಾರುವ ಹಾಗೂ ಇಲ್ಲ, ಕೇಳುವವರೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮರುದಿನ ಬಸ್ಸು ಹತ್ತಿದೆವು. ಹೋಗಲು ನಲವತ್ತು ನಿಮಿಷವೂ ಆಗಲಿಲ್ಲ.

ಗೇಟಿಗೆ ಬೀಗ. ಬೀಗದ ಮೇಲೆ ಬಳ್ಳಿ ಹಬ್ಬಿತ್ತು. ಎದುರಿಗೆ ಪಂಕ್ಚರ್ ಹಾಕುವವನು ತಲೆಯೆತ್ತಿ, "ಯಾವ ಪಂಪು? ನಾಲ್ಕು ವರ್ಷದಿಂದ ಇಲ್ಲಿ ಒಂದು ಮೊಳೆನೂ ತಯಾರಾಗಿಲ್ಲ," ಎಂದ.

ಮಾವ ಚೀಲದಿಂದ ವರದಿ ತೆಗೆದು, ಒಂಬತ್ತನೇ ಪುಟವನ್ನು ಗೇಟಿನ ಎದುರು ಹಿಡಿದ. ಅದೇ ಗೇಟು, ಅದೇ ಬೋರ್ಡು. "ಫೋಟೋ ಸರಿಯಾಗೇ ಇದೆ," ಎಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಸಾಲಕ್ಕೆ ಅಲೆದೆವು, ಪ್ರೆಸ್ ಮಾಲೀಕರ ಕಾಲಿಗೂ ಬಿದ್ದೆವು. ಎಲ್ಲ ಕಡೆ ಆಗೋದಿಲ್ಲ ಅಂದರು. ಅತ್ತೆಗೆ ಇದ್ಯಾವುದೂ ಗೊತ್ತಿಲ್ಲ. ಶುಕ್ರವಾರ ನಾನು ಮಾವನ ಮನೆಯಲ್ಲಿದ್ದಾಗ ಆಸ್ಪತ್ರೆಯ ಪತ್ರ ಬಂತು. ಅತ್ತೆ ಗೋಡೆ ಹಿಡಿದುಕೊಂಡು ಬಂದು, ಅದನ್ನು ಮಾವನ ಕೈಗೆ ಕೊಟ್ಟು ಎದುರಿಗೆ ಕೂತಳು. ನಾನು ಮಾವನ ಹೆಗಲ ಹಿಂದೆ ನಿಂತಿದ್ದೆ. ಪತ್ರದಲ್ಲಿದ್ದದ್ದು ಎರಡು ಸಾಲು: ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಪೂರ್ತಿ ಹಣ ಕಟ್ಟಿ.

ಮಾವ ಗಟ್ಟಿಯಾಗಿ ಓದಿದ.

"ಡಾಕ್ಟರು ಊರಲ್ಲಿ ಇಲ್ಲ ಕಾಮಾ ಮುಂದಿನ ತಿಂಗಳು ಬನ್ನಿ ಫುಲ್‌ಸ್ಟಾಪ್."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಮೂಲದಲ್ಲಿ ಇಲ್ಲದ್ದನ್ನು ಓದಿದ.

ಅತ್ತೆ ಮಾವನ ದನಿ ಬಂದ ಕಡೆ ಮುಖ ಎತ್ತಿದಳು. "ಮುಂದಿನ ತಿಂಗಳು ನಂಗೆ ನಿಮ್ಮ ಮುಖ ಕಾಣುತ್ತಾ?"

"ಅದನ್ನ ಬರೆದಿಲ್ಲ," ಎಂದ ಮಾವ.

ಅತ್ತೆ ಕೈಚಾಚಿ ಪತ್ರ ಇಸಿದುಕೊಂಡು, ನೀಟಾಗಿ ಮಡಿಸಿ, ಆಸ್ಪತ್ರೆಗೆಂದು ಕಟ್ಟಿಟ್ಟಿದ್ದ ಚೀಲದೊಳಗೆ ಇಟ್ಟಳು.