ಕಿಟಕಿಯಾಚೆ ನಿಂತ ಟೀಚರ್

ಬೀದರಿನ ಇವಾಂಜಲಿನ್ ಟೀಚರಿಗೆ ಹಾವು, ಕಳ್ಳರು ಯಾವುದರ ಭಯವೂ ಇಲ್ಲ. ಭಯವೆಲ್ಲ ಪರೀಕ್ಷೆ ಬರೆದುಕೊಡುವವರದು. ನಿವೃತ್ತಿಯಾದ ಮೇಲೆ ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳಿ, ಕಾಲೇಜಿನ ಬಾಗಿಲಿಗೆ ತಂದು ನಿಲ್ಲಿಸುವುದೇ ಅವರ ಕೆಲಸ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಉತ್ತರ ಬರೆದುಕೊಡುವವರು ಆ ಮಕ್ಕಳಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ. ಎಂ.ಎ. ಮಾಡಿದ ಟೀಚರ ಕೈ ಅಲ್ಲಿ ನಡೆಯುವುದಿಲ್ಲ.

ಹೋದ ವರ್ಷ ಔರಾದ ಕಡೆಯ ಚಿಂತಾಕಿ ಹಳ್ಳಿಯ ಶಿಷ್ಯೆ ಪೂನಮಳಿಗೆ ಬರೆದುಕೊಡಬೇಕಿದ್ದವನು ಬರಲೇ ಇಲ್ಲ. ವರ್ಷ ಮಣ್ಣುಪಾಲಾಯಿತು. ಈ ಸಲ ಅವಳ ಅಪ್ಪ ಮಚ್ಛೇಂದ್ರ ಮಗಳನ್ನು ಬಿಟ್ಟು ಹೋಗುವಾಗ ಮುಖ ನೋಡದೆ ಹೇಳಿದ: "ಇದೊಂದೇ ಸಲ ನೋಡ್ರಿ ಟೀಚರ್. ಸೀಟ್ ಸಿಗಲಿಲ್ಲಂದ್ರ ಮನಿಗಿ ಕರ್ಕೊಂಡು ಹೋಗ್ತೇನಿ. ಮಂದಿ ಮಾತು ಕೇಳಿ ಸಾಕಾಗ್ಯಾದರಿ."

ಅದಕ್ಕೇ ಟೀಚರ್ ಭಾಲ್ಕಿಯಿಂದ ತಂಗಿಯ ಮಗಳು ಕ್ಯಾರೊಲಿನಳನ್ನು ಮೊದಲೇ ಕರೆತಂದು ಮನೆಯಲ್ಲಿಟ್ಟುಕೊಂಡರು. ಹತ್ತನೇ ಮುಗಿಸಿದ, ಹೇಳಿದ್ದನ್ನು ಒಂದಿಷ್ಟೂ ಮೀರದ ಹುಡುಗಿ. ದಿನವೂ ಅಭ್ಯಾಸ ನಡೆಯಿತು. ಆ ಮನೆಯಲ್ಲಿ ಪುಸ್ತಕ ತೆರೆಯುವ ಮೊದಲು ಪ್ರಾರ್ಥನೆ. ದೊಡ್ಡವರು ಆಮೆನ್ ಅನ್ನುವವರೆಗೆ ಯಾರೂ ತಲೆ ಎತ್ತುವಂತಿಲ್ಲ. ಬುದ್ಧವಂದನೆಯ ಮನೆಯಿಂದ ಬಂದ ಪೂನಮಳೂ ಸುಮ್ಮನೆ ಕಾಯುತ್ತಿದ್ದಳು.

ಪ್ರವೇಶ ಪರೀಕ್ಷೆಯ ದಿನ ಇಬ್ಬರಿಗೂ ಮೂಲೆಯ ಕೋಣೆ ಕೊಟ್ಟರು. ಗಂಟೆ ಬಾರಿಸಿತು. ಟೀಚರ್ ಬೇವಿನ ಮರದಡಿ ನಿಂತು ಕಿಟಕಿಯತ್ತ ಕಿವಿಗೊಟ್ಟರು. ಓದುವ ದನಿಯೇ ಇಲ್ಲ. ಇಣುಕಿದರೆ ಕ್ಯಾರೊಲಿನ ಪ್ರಶ್ನೆಪತ್ರಿಕೆಯ ಮೇಲೆ ತಲೆ ಬಗ್ಗಿಸಿ ಕಲ್ಲಿನಂತೆ ಕುಳಿತಿದ್ದಾಳೆ. ಕಾವಲಿನ ಮೇಷ್ಟ್ರು ಬಾಗಿಲಿನ ಕಡೆ ಮುಖ ಮಾಡಿದ್ದಾರೆ. ಹುಡುಗಿಗೆ ತಲೆ ಸುತ್ತಿತೇ? ಓದುವುದೇ ಮರೆತುಹೋಯಿತೇ? ಕೂಗೋಣವೆಂದರೆ ನಕಲು ಎಂದು ಇಬ್ಬರನ್ನೂ ಹೊರಗೆ ಹಾಕುತ್ತಾರೆ.

ಆಗ ಕ್ಯಾರೊಲಿನಳ ಜೋಡಿಸಿದ ಕೈ ಕಂಡಿತು. ಅಯ್ಯೋ ದೇವರೇ, ಈ ಹುಚ್ಚಿ ದೊಡ್ಡವರ ಆಮೆನ್‌ಗಾಗಿ ಕಾಯುತ್ತಿದ್ದಾಳೆ. ಕಲಿಸಿದವರು ತಾವೇ. ಅಂಜಿಕೆಯಲ್ಲಿ ಟೀಚರಿಗೆ ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ಮುಚ್ಚಿದ ಕಣ್ಣು, ಬಗ್ಗಿದ ತಲೆ ಕಣ್ಣು ಕಾಣದ ಪೂನಮಳಿಗೆ ಹೇಗೆ ತಿಳಿಯಬೇಕು?

ಪೂನಮ "ಕ್ಯಾರೊಲಿನ?" ಎಂದಳು. ಅವಳ ಕೈ ಮೇಜಿನ ಮೇಲೆ ತಡವರಿಸುತ್ತ ಹೋಗಿ ಆ ಜೋಡಿಸಿದ ಕೈಗೆ ತಾಗಿ ನಿಂತಿತು. ಪೂನಮ ಅದನ್ನು ಬೆರಳಿನಿಂದ ಸವರಿ ನೋಡಿದಳು.

"ಆಮೆನ್," ಎಂದಳು ಗಟ್ಟಿಯಾಗಿ. "ಇಲ್ಲಿ ದೊಡ್ಡಾಕಿ ನಾನೇ ಅದೀನಿ. ಓದು ತಂಗಿ."

ಟೀಚರ್ ಬೇವಿನ ಬುಡದಲ್ಲಿ ಕುಸಿದು ಕುಳಿತರು. ಒಳಗೆ ಕ್ಯಾರೊಲಿನ ಮೊದಲನೇ ಪ್ರಶ್ನೆ ಓದತೊಡಗಿದ್ದಳು.